ಜರ್ಮನಿಯ ಆರ್ಡರ್ ಕೈಗೆ ಬಂದಿದೆ, ದುಡ್ಡು ಬರುವುದು ಐದು ತಿಂಗಳ ಮೇಲೆ. ಸಣ್ಣ ಕಾರ್ಖಾನೆ ಹೇಗೆ ತಡೆದುಕೊಳ್ಳಬೇಕು?

ಪೀಣ್ಯ ಸೆಕೆಂಡ್ ಸ್ಟೇಜ್

ಎಲ್ಲರಿಗೂ ನಮಸ್ಕಾರ. ನಮ್ಮದು ಪೀಣ್ಯದಲ್ಲಿ ಮಷಿನಿಂಗ್ ಶಾಪ್. ಹೈಡ್ರಾಲಿಕ್ ವಾಲ್ವ್ ಬಾಡಿ, ಮ್ಯಾನಿಫೋಲ್ಡ್ ಬ್ಲಾಕ್ ಮಾಡುತ್ತೇವೆ. ಅಪ್ಪ ಲೇತ್ ಇಟ್ಟು ಶುರು ಮಾಡಿದ್ದು, ಈಗ ಸಿಎನ್‌ಸಿ, ವಿಎಂಸಿ ಅನ್ನುವ ಕಂಪ್ಯೂಟರ್ ಮಷಿನ್ ಇವೆ. ಇಷ್ಟು ವರ್ಷ ಇಲ್ಲಿನ ದೊಡ್ಡ ಕಂಪನಿಗಳಿಗೇ ಕೆಲಸ.

ಈಗ ಜರ್ಮನಿಯ ಒಂದು ಕಂಪನಿ ನೇರವಾಗಿ ಕೇಳುತ್ತಿದೆ. ಸ್ಯಾಂಪಲ್ ಪಾಸಾಗಿದೆ. ತಿಂಗಳಿಗೆ 20 ಲಕ್ಷ ರೂಪಾಯಿಯ ಮಾಲು. ರೇಟು ಇಲ್ಲಿಗಿಂತ ಚೆನ್ನಾಗಿದೆ. ಷರತ್ತು ಮಾತ್ರ ಹೀಗಿದೆ: ಓಪನ್ ಅಕೌಂಟ್ (ಬ್ಯಾಂಕಿನ ಭರವಸೆ ಇಲ್ಲದ ಉದ್ರಿ), ಮಾಲು ಅವರ ಗೋದಾಮು ಸೇರಿದ ಮೇಲೆ 60 ದಿನ. ಎಲ್‌ಸಿ (ಕಾಗದ ಸರಿ ಇದ್ದರೆ ದುಡ್ಡು ಕೊಡುತ್ತೇವೆ ಅಂತ ಖರೀದಿದಾರನ ಬ್ಯಾಂಕು ಕೊಡುವ ಭರವಸೆ ಪತ್ರ) ಕೊಡುವುದಿಲ್ಲವಂತೆ.

ಅಪ್ಪ "ಎಲ್‌ಸಿ ಇಲ್ಲದೆ ಒಂದು ಪೀಸೂ ಗೇಟ್ ದಾಟಬಾರದು" ಅಂತ ಕೂತಿದ್ದಾರೆ. ಬ್ಯಾಂಕಿನವರು ಲಿಮಿಟ್ ಜಾಸ್ತಿ ಮಾಡಬೇಕಾದರೆ ಮನೆ ಪತ್ರ ತನ್ನಿ ಅಂತಾರೆ. ಆಮದು-ರಫ್ತು ನೋಂದಣಿ ಸಂಖ್ಯೆ ಐಇಸಿ ಆಗಿದೆ, ಜಿಎಸ್‌ಟಿ ಕಟ್ಟದೆ ರಫ್ತು ಮಾಡಲು ಬೇಕಾದ ಎಲ್‌ಯುಟಿ ಹಾಕಿದ್ದೇನೆ. ಆ ಕಾಗದಪತ್ರ ಸುಲಭವಾಗಿ ಆಯಿತು. ದುಡ್ಡಿನ ಲೆಕ್ಕವೇ ಕೂಡುತ್ತಿಲ್ಲ. ಈ ದಾರಿ ತುಳಿದವರು ಸ್ವಲ್ಪ ಹೇಳಿ.

ಲೆಕ್ಕದ ಮೇಡಂ

ರೇಟು ಬಿಡಿ, ಮೊದಲು ದಿನ ಎಣಿಸೋಣ. ನಾನು ಒಂದು ಆಟೋ ಬಿಡಿಭಾಗದ ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ನಮ್ಮಲ್ಲಿ ಹೊಸ ರಫ್ತು ಆರ್ಡರ್ ಬಂದರೆ ಮೊದಲು ತುಂಬುವುದು ಈ ಹಾಳೆಯನ್ನೇ.

ಎರಕ ನಿಮ್ಮ ಶಾಪಿಗೆ ಬಂದ ದಿನದಿಂದ ಮಾಲು ರೆಡಿ ಆಗುವ ತನಕ 30 ದಿನ ಅಂತ ಇಟ್ಟುಕೊಳ್ಳಿ. ಪ್ಯಾಕಿಂಗ್, ಕಂಟೇನರ್ ಕಾಯುವುದು, ಕಸ್ಟಮ್ಸ್ ಎಲ್ಲ ಸೇರಿ 10. ಸಮುದ್ರ, ಅಲ್ಲಿಯ ಬಂದರು, ಅಲ್ಲಿಂದ ಗೋದಾಮು 45. ಆಮೇಲೆ ಅವರ 60. ಒಟ್ಟು 145 ದಿನ.

20 ಲಕ್ಷದ ಮಾಲಿಗೆ ನಿಮ್ಮ ಖರ್ಚು 16 ಲಕ್ಷ ಅಂದುಕೊಂಡರೆ, ಮೊದಲ ಬಿಲ್ಲಿನ ದುಡ್ಡು ಬರುವ ಹೊತ್ತಿಗೆ ಹತ್ತಿರ ಹತ್ತಿರ ಐದು ತಿಂಗಳ ಮಾಲು ದಾರಿಯಲ್ಲಿರುತ್ತದೆ. ಅಂದರೆ 77 ಲಕ್ಷ ಹೊರಗೆ. ಶೇ 10ರ ಬಡ್ಡಿ ಅಂತ ಹಿಡಿದರೂ ಒಂದೊಂದು ತಿಂಗಳ ಮಾಲಿನ ಮೇಲೆ 63 ಸಾವಿರ ಬಡ್ಡಿಗೇ ಹೋಯಿತು. ಬಿಲ್ಲಿನ ಶೇ 3ಕ್ಕಿಂತ ಜಾಸ್ತಿ. ನಿಮ್ಮ ಕೊಟೇಶನ್‌ನಲ್ಲಿ ಇದು ಸೇರಿದೆಯಾ?

ಪೀಣ್ಯ ಸೆಕೆಂಡ್ ಸ್ಟೇಜ್

ಸೇರಿಲ್ಲ ಮೇಡಂ. ಅವರು 60 ದಿನ ಅಂದರು, ನಾನು ಕೊಟೇಶನ್‌ನಲ್ಲಿ ಎರಡು ತಿಂಗಳ ಬಡ್ಡಿ ಹಾಕಿದ್ದೆ.

ನಿವೃತ್ತ ಫಾರೆಕ್ಸ್ ಡೆಸ್ಕ್

ಮೇಡಂ ಲೆಕ್ಕ ಸರಿ, ಆದರೆ ಸ್ವಲ್ಪ ಬಿಗಿ. 16 ಲಕ್ಷವೂ ಮೊದಲ ದಿನವೇ ಕೈಬಿಡುವುದಿಲ್ಲ. ಅರ್ಧದಷ್ಟು ಎರಕದ ದುಡ್ಡು, ಅದಕ್ಕೆ ಫೌಂಡ್ರಿಯವರು 45 ದಿನ ಸಾಲ ಕೊಟ್ಟರೆ, ತಿಂಗಳಿಗೆ 8 ಲಕ್ಷದಂತೆ ಒಂದೂವರೆ ತಿಂಗಳದ್ದು 12 ಲಕ್ಷ ಉಳಿಯಿತು. ಕೂಲಿ, ಕರೆಂಟು, ಟೂಲ್ ತಿಂಗಳ ಮಧ್ಯೆ ಹೋಗುತ್ತವೆ. ನನ್ನ ಲೆಕ್ಕಕ್ಕೆ 60 ಲಕ್ಷದ ಆಸುಪಾಸು ಬರುತ್ತದೆ. ಅದೂ ಕಡಿಮೆ ಮೊತ್ತವೇನಲ್ಲ.

ಈಗ ಒಂದು ಕೆಲಸ ಮಾಡಿ. "ಗೋದಾಮು ಸೇರಿದ ಮೇಲೆ 60 ದಿನ" ಅನ್ನುವುದನ್ನು "ಬಿಲ್ ಆಫ್ ಲೇಡಿಂಗ್ ತಾರೀಖಿನಿಂದ 60 ದಿನ" ಅಂತ ಬದಲಾಯಿಸಲು ಕೇಳಿ. ಬಿಲ್ ಆಫ್ ಲೇಡಿಂಗ್ ಅಂದರೆ ಮಾಲು ಹಡಗು ಹತ್ತಿದ್ದಕ್ಕೆ ಹಡಗಿನವರು ಕೊಡುವ ರಸೀದಿ. ರೇಟಿನಲ್ಲಿ ಒಂದು ಪೈಸೆಯೂ ಚೌಕಾಸಿ ಬೇಡ. ಇದೊಂದೇ ಸಾಲು. ಸುಮಾರು 40 ದಿನ ಉಳಿಯುತ್ತದೆ, ಅಂದರೆ 21 ಲಕ್ಷ ರೂಪಾಯಿ ನಿಮ್ಮ ಬಳಿಯೇ ಇರುತ್ತದೆ. ಅದಕ್ಕಿಂತ ಮುಖ್ಯ, ಹಡಗು ತಡವಾದರೆ ಆ ತಡ ಅವರದು, ನಿಮ್ಮದಲ್ಲ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಯುರೋಪಿನ ಹಡಗುಗಳು ಆಫ್ರಿಕಾದ ತುದಿ ಸುತ್ತಿ ಹೋಗತೊಡಗಿದವು. ಹತ್ತು ಹದಿನೈದು ದಿನ ಜಾಸ್ತಿ ಆಯಿತು. "ಗೋದಾಮು ಸೇರಿದ ಮೇಲೆ" ಅಂತ ಒಪ್ಪಿದವರ ದುಡ್ಡು ಅಷ್ಟೂ ದಿನ ಸಮುದ್ರದ ಮೇಲೆಯೇ ಇತ್ತು.

ಗೋಕುಲ್ ರೋಡ್ ವಾಲ್ವ್

ನಾನು ಹುಬ್ಬಳ್ಳಿಯವನು, ವಾಲ್ವ್ ಮಾಡುತ್ತೇವೆ. ನನ್ನ ಮಾತು ಸ್ವಲ್ಪ ಕಹಿ ಅನಿಸಬಹುದು. 60 ಲಕ್ಷ ಇಲ್ಲದವರು ನೇರ ರಫ್ತಿಗೆ ಹೋಗಲೇಬಾರದು. ಮೊದಲು ಮರ್ಚಂಟ್ ಎಕ್ಸ್‌ಪೋರ್ಟರ್ (ಇಲ್ಲೇ ಮಾಲು ಕೊಂಡು ರಫ್ತು ಮಾಡುವ ವ್ಯಾಪಾರಿ) ಮೂಲಕ ಕಳಿಸಿ. ಅವರಿಗೆ ಶೇ 0.1 ಜಿಎಸ್‌ಟಿಗೆ ಮಾಲು ಕೊಡುವ ಅವಕಾಶ 2017ರಿಂದ ಇದೆ, ಅವರು 90 ದಿನದೊಳಗೆ ರಫ್ತು ಮಾಡಬೇಕು ಅಷ್ಟೇ. ದುಡ್ಡು ರೂಪಾಯಿಯಲ್ಲಿ ಬರುತ್ತದೆ, ಇಲ್ಲೇ ಬರುತ್ತದೆ. ಅವರು ಶೇ 5 ತಿಂದರೆ ತಿನ್ನಲಿ. ರಾತ್ರಿ ನಿದ್ದೆಯಾದರೂ ಬರುತ್ತದೆ ಅಲ್ವಾ?

ಸ್ಟಟ್‌ಗಾರ್ಟ್ ಕನ್ನಡಿಗ

ನಾನು ಮೇಜಿನ ಆ ಕಡೆಯವನು. ಇಲ್ಲಿ ಒಂದು ಕಂಪನಿಯ ಖರೀದಿ ವಿಭಾಗದಲ್ಲಿದ್ದೇನೆ, ಭಾರತದ ಸಪ್ಲೈಯರ್‌ಗಳನ್ನು ನೋಡಿಕೊಳ್ಳುತ್ತೇನೆ.

ಹುಬ್ಬಳ್ಳಿ ಸರ್ ಮಾತು ಬಿಡಿ ಮಾಲಿಗೆ ಸರಿ. ಆದರೆ ಡ್ರಾಯಿಂಗ್ ಪ್ರಕಾರ ಮಾಡಿಸುವ ಭಾಗಕ್ಕೆ ಮಧ್ಯದವರು ಬಂದರೆ ಇಲ್ಲಿ ಕಷ್ಟ. ಸ್ಯಾಂಪಲ್ ಅಪ್ರೂವಲ್, ಪಿಪಿಎಪಿ (ಭಾಗದ ಉತ್ಪಾದನೆಗೆ ಒಪ್ಪಿಗೆಯ ದಾಖಲೆ), ಮೆಟೀರಿಯಲ್ ಸರ್ಟಿಫಿಕೇಟ್ ಎಲ್ಲ ಯಾವ ಕಾರ್ಖಾನೆಯಲ್ಲಿ ಆಗಿದೆಯೋ ಅದೇ ಕಾರ್ಖಾನೆಯ ಜೊತೆ ಮಾತಾಡಬೇಕು ಅಂತ ನಮ್ಮ ಕ್ವಾಲಿಟಿಯವರು ಹಟ ಹಿಡಿಯುತ್ತಾರೆ.

ಎಲ್‌ಸಿ ವಿಷಯ. ತಿಂಗಳು ತಿಂಗಳು ಬರುವ ಬಿಡಿಭಾಗಕ್ಕೆ ಜರ್ಮನ್ ಕಂಪನಿ ಎಲ್‌ಸಿ ತೆರೆಯುವುದು ಬಲು ಅಪರೂಪ. ಅದು ಅವರ ಬ್ಯಾಂಕ್ ಲಿಮಿಟ್ ತಿನ್ನುತ್ತದೆ, ಜೊತೆಗೆ ಪ್ರತಿ ಸಲ ಖರ್ಚು. ಪಟ್ಟು ಹಿಡಿದರೆ ಕೆಟ್ಟವರು ಅಂತ ಅಂದುಕೊಳ್ಳುವುದಿಲ್ಲ, ಹೊಸಬರು ಅಂದುಕೊಳ್ಳುತ್ತಾರೆ. ತಾರೀಖು ಎಲ್ಲಿಂದ ಎಣಿಸಬೇಕು ಅನ್ನುವುದರಲ್ಲಿ ಮಾತ್ರ ಜಾಗ ಇದೆ. ಖರೀದಿಯವರಿಗೆ ಕೊಟ್ಟಿರುವ ಗುರಿ ಹೆಚ್ಚಾಗಿ "60 ದಿನ" ಅನ್ನುವ ಸಂಖ್ಯೆ. ಅದು 60 ಆಗಿಯೇ ಉಳಿದು, ಎಣಿಕೆ ಬಿಲ್ ಆಫ್ ಲೇಡಿಂಗ್‌ನಿಂದ ಶುರುವಾದರೆ ಅವರೂ ಮೇಲಿನವರಿಗೆ ಉತ್ತರ ಕೊಡಬಹುದು.

ಇನ್ನೊಂದು. ಇಲ್ಲಿ "ಸ್ಕೊಂಟೊ" ಅನ್ನುವ ರೂಢಿ ಇದೆ. 14 ದಿನದೊಳಗೆ ಕಟ್ಟಿದರೆ ಶೇ 2 ಅಥವಾ 3 ಕಡಿತ. ಕೈಯಲ್ಲಿ ದುಡ್ಡಿರುವ ಮಧ್ಯಮ ಗಾತ್ರದ ಕಂಪನಿಗಳು ಇದನ್ನು ಖುಷಿಯಿಂದ ತೆಗೆದುಕೊಳ್ಳುತ್ತವೆ. ಕೇಳಿ ನೋಡಿ.

ಲೆಕ್ಕದ ಮೇಡಂ

ಸ್ಕೊಂಟೊ ಕೊಡುವ ಮೊದಲು ಲೆಕ್ಕ ಹಾಕಿ. 20 ಲಕ್ಷಕ್ಕೆ ಶೇ 2 ಅಂದರೆ 40 ಸಾವಿರ. ಅದಕ್ಕೆ ಸಿಗುವುದು 46 ದಿನ. ವರ್ಷಕ್ಕೆ ಹೋಲಿಸಿದರೆ ಶೇ 16ರ ಬಡ್ಡಿ ಆಯಿತು. ಅದೇ 46 ದಿನಕ್ಕೆ ಬ್ಯಾಂಕಿನಲ್ಲಿ ಶೇ 10ಕ್ಕೆ ತಂದರೆ 25 ಸಾವಿರ. ಬ್ಯಾಂಕಿನಲ್ಲಿ ಲಿಮಿಟ್ ಖಾಲಿ ಇದ್ದವರಿಗೆ ಸ್ಕೊಂಟೊ ನಷ್ಟ. ಲಿಮಿಟ್ ತುಂಬಿ ಹೊರಗಿನ ಫೈನಾನ್ಸ್‌ನಿಂದ ಶೇ 18ಕ್ಕೆ ತರುತ್ತಿರುವವರಿಗೆ ಲಾಭ. ನೀವು ಯಾವ ಕಡೆ ಇದ್ದೀರಿ ನೋಡಿಕೊಳ್ಳಿ.

ಉದ್ಯಮಬಾಗ್ ಎರಕ

ಬೆಳಗಾವಿಯಿಂದ ನಮಸ್ಕಾರ ರೀ. ಫೌಂಡ್ರಿ ನಡೆಸುತ್ತೇವೆ. ನಿಮ್ಮಂಥ ಮಷಿನಿಂಗ್‌ನವರಿಗೂ ಎರಕ ಕೊಡುತ್ತೇವೆ, ನಾವೂ ಸ್ವಲ್ಪ ನೇರ ಕಳಿಸುತ್ತೇವೆ.

ಫಾರೆಕ್ಸ್ ಸಾಹೇಬರು "ಫೌಂಡ್ರಿಯವರು 45 ದಿನ ಕೊಟ್ಟರೆ" ಅಂತ ಸಲೀಸಾಗಿ ಬರೆದರು! ನಮಗೆ ಪಿಗ್ ಐರನ್, ಸ್ಕ್ರ್ಯಾಪ್ ಬಹುತೇಕ ನಗದಿಗೇ ಬರುವುದು. ಮೊದಲು ಏನಾಗುತ್ತಿತ್ತು, ರಫ್ತಿನವರು "ಫಾರಿನ್‌ನಿಂದ ದುಡ್ಡು ಬಂದಿಲ್ಲ" ಅಂತ ನಮ್ಮನ್ನು ನಾಲ್ಕು ತಿಂಗಳು ಕಾಯಿಸುತ್ತಿದ್ದರು. ಈಗ ಆದಾಯ ತೆರಿಗೆಯ 43ಬಿ(ಎಚ್) ಬಂದ ಮೇಲೆ ಸ್ವಲ್ಪ ಉಸಿರಾಡುತ್ತಿದ್ದೇವೆ. ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಕರಾರು ಇದ್ದರೆ 45 ದಿನ, ಇಲ್ಲದಿದ್ದರೆ 15 ದಿನ. ಅಷ್ಟರಲ್ಲಿ ಕೊಡದೆ ವರ್ಷದ ಕೊನೆಗೆ ಬಾಕಿ ಉಳಿಸಿದರೆ, ಕೊಡುವ ವರ್ಷದ ತನಕ ಆ ಖರ್ಚು ನಿಮ್ಮ ಲೆಕ್ಕದಲ್ಲಿ ಕಳೆಯಲು ಬರುವುದಿಲ್ಲ. ಜರ್ಮನಿಯವನು ನಿಮಗೆ ಐದು ತಿಂಗಳಿಗೆ ಕೊಡುತ್ತಾನೆ, ನೀವು ನನಗೆ ಒಂದೂವರೆ ತಿಂಗಳಿಗೆ ಕೊಡಬೇಕು. ಈ ಕಂದಕವನ್ನು ನನ್ನ ದುಡ್ಡಿನಿಂದ ಮುಚ್ಚಬೇಡಿ, ಇಷ್ಟೇ ಬೇಡಿಕೆ.

ಎಲ್‌ಸಿ ಬಗ್ಗೆ ನಿಮ್ಮ ತಂದೆಯವರಿಗೆ ಒಂದು ಮಾತು. ಎಲ್‌ಸಿ ಅಂದರೆ ದುಡ್ಡು ಬಂದೇ ಬಿಟ್ಟಿತು ಅಂತಲ್ಲ. ನಮಗೆ ಪಶ್ಚಿಮ ಏಷ್ಯಾದ ಒಂದು ಆರ್ಡರ್‌ಗೆ ಸೊಗಸಾದ ಎಲ್‌ಸಿ ಬಂದಿತ್ತು. ನ್ಹಾವಾ ಶೇವಾ ಬಂದರಿನಲ್ಲಿ ಕಂಟೇನರ್ ಒಂದು ಹಡಗು ತಪ್ಪಿಸಿಕೊಂಡಿತು. ಮುಂದಿನ ಹಡಗಿನ ತಾರೀಖು ಎಲ್‌ಸಿಯಲ್ಲಿದ್ದ ಕೊನೆಯ ಸಾಗಣೆ ತಾರೀಖು ದಾಟಿತ್ತು. ಅಷ್ಟಕ್ಕೇ ಡಿಸ್ಕ್ರೆಪೆನ್ಸಿ, ಅಂದರೆ ಕಾಗದ ಎಲ್‌ಸಿಗೆ ಹೊಂದುವುದಿಲ್ಲ ಅನ್ನುವ ಆಕ್ಷೇಪ. ಬ್ಯಾಂಕಿನ ಜವಾಬ್ದಾರಿ ಅಲ್ಲಿಗೆ ಮುಗಿಯಿತು. ಇನ್ನು ಖರೀದಿದಾರ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆತ ಶೇ 4 ಡಿಸ್ಕೌಂಟ್ ಕೇಳಿ ಒಪ್ಪಿದ. ಮಾಲಿನಲ್ಲಿ ಒಂದು ತೂತು ಕೂಡ ಹೆಚ್ಚುಕಡಿಮೆ ಇರಲಿಲ್ಲ.

ನಿವೃತ್ತ ಫಾರೆಕ್ಸ್ ಡೆಸ್ಕ್

ಬೆಳಗಾವಿಯವರು ಹೇಳಿದ್ದು ನೂರಕ್ಕೆ ನೂರು. ಎಲ್‌ಸಿ ನಡೆಯುವುದು ಯುಸಿಪಿ 600 ಅನ್ನುವ ನಿಯಮಗಳ ಮೇಲೆ, 2007ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಬ್ಯಾಂಕು ನೋಡುವುದು ಕಾಗದವನ್ನು ಮಾತ್ರ, ಮಾಲನ್ನಲ್ಲ. ನೋಡಲು ಐದು ಬ್ಯಾಂಕ್ ದಿನ. ಎಲ್‌ಸಿ ಬೇರೆ ಹೇಳದಿದ್ದರೆ ಸಾಗಣೆಯಾದ 21 ದಿನದೊಳಗೆ ನೀವು ಕಾಗದ ಒಪ್ಪಿಸಬೇಕು.

ನಾನು ಡೆಸ್ಕಿನಲ್ಲಿ ಕೂತಿದ್ದಾಗ ಕಂಡದ್ದು: ಮೊದಲ ಸಲ ತಂದ ಕಾಗದ ಹೆಚ್ಚಾಗಿ ತಪ್ಪಿಲ್ಲದೆ ಪಾಸಾಗುತ್ತಿರಲಿಲ್ಲ. ಎಲ್‌ಸಿ ಬಂದ ದಿನವೇ ಅದನ್ನು ಶಾಪ್ ಫ್ಲೋರ್‌ನವರ ಜೊತೆ, ಕ್ಲಿಯರಿಂಗ್ ಏಜೆಂಟ್ ಜೊತೆ ಕೂತು ಓದಬೇಕು. ಆಗದ ಷರತ್ತು ಇದ್ದರೆ ಅವತ್ತೇ ತಿದ್ದುಪಡಿ ಕೇಳಬೇಕು. ಹೆಚ್ಚಿನವರು ಮಾಲು ಕಳಿಸಿದ ಮೇಲೆ ಎಲ್‌ಸಿ ಓದುತ್ತಾರೆ.

ಗೊತ್ತಿಲ್ಲದ ಖರೀದಿದಾರ, ಡಾಲರ್ ಅಭಾವ ಇರುವ ದೇಶ, ಒಂದೇ ಸಲದ ದೊಡ್ಡ ಮಷಿನ್, ಇಂಥಲ್ಲಿ ಎಲ್‌ಸಿ ಬೇಕೇ ಬೇಕು. ಜರ್ಮನಿಯ ಬಿಡಿಭಾಗಕ್ಕೆ ಓಪನ್ ಅಕೌಂಟ್ ಮತ್ತು ಇಸಿಜಿಸಿ ಪಾಲಿಸಿ (ವಿದೇಶಿ ಖರೀದಿದಾರ ದುಡ್ಡು ಕೊಡದಿದ್ದರೆ ಬರುವ ವಿಮೆ) ಸಾಕು.

ಸುಮ್ನೆ ಕೇಳ್ದೆ

ಇಸಿಜಿಸಿ ಅಂದರೆ ಬ್ಯಾಂಕಿನವರೇ ಮಾಡಿಸಿರುತ್ತಾರಲ್ವಾ? ನಮ್ಮ ಬ್ಯಾಂಕು ಪ್ರತಿ ತಿಂಗಳು ಇಸಿಜಿಸಿ ಪ್ರೀಮಿಯಂ ಅಂತ ಖಾತೆಯಿಂದ ಕಡಿಯುತ್ತದೆ.

ನಿವೃತ್ತ ಫಾರೆಕ್ಸ್ ಡೆಸ್ಕ್

ಇದು ತುಂಬಾ ಜನ ಬೀಳುವ ಗುಂಡಿ, ಕೇಳಿದ್ದು ಒಳ್ಳೆಯದಾಯಿತು. ಬ್ಯಾಂಕು ಕಡಿಯುವುದು ಬ್ಯಾಂಕಿನ ರಕ್ಷಣೆಗೆ. ನೀವು ಸಾಲ ತೀರಿಸದಿದ್ದರೆ ಬ್ಯಾಂಕಿಗೆ ಇಸಿಜಿಸಿ ಕೊಡುತ್ತದೆ, ಆಮೇಲೆ ವಸೂಲಿ ನಿಮ್ಮ ಮೇಲೇ ಬರುತ್ತದೆ. ಖರೀದಿದಾರ ಮುಳುಗಿದರೆ ನಿಮಗೆ ದುಡ್ಡು ಬರಬೇಕಾದರೆ ನಿಮ್ಮ ಹೆಸರಿನಲ್ಲಿ ಬೇರೆಯೇ ಪಾಲಿಸಿ ಬೇಕು. ಸಣ್ಣ ರಫ್ತುದಾರರಿಗೆ ಅಂತಲೇ ಪಾಲಿಸಿಗಳಿವೆ.

ಪಾಲಿಸಿ ತೆಗೆದುಕೊಂಡರೆ ಎರಡು ಲಾಭ. ಒಂದು, ನಿಮ್ಮ ಜರ್ಮನ್ ಖರೀದಿದಾರನ ಮೇಲೆ ಇಸಿಜಿಸಿ ಎಷ್ಟು ಲಿಮಿಟ್ ಕೊಡುತ್ತದೆ ಅನ್ನುವುದರಲ್ಲೇ ಅವನ ಆರೋಗ್ಯ ಗೊತ್ತಾಗುತ್ತದೆ. ಇನ್ನೊಂದು, ಪಾಲಿಸಿಯ ಹಕ್ಕನ್ನು ಬ್ಯಾಂಕಿಗೆ ಅಸೈನ್ ಮಾಡಿ ಬಿಲ್ ಡಿಸ್ಕೌಂಟ್ (ಬರಬೇಕಾದ ಬಿಲ್ಲಿನ ಮೇಲೆ ಮುಂಗಡ ದುಡ್ಡು) ಕೇಳಬಹುದು. 1957ರಿಂದ ಇರುವ ಸರ್ಕಾರಿ ಸಂಸ್ಥೆ, ಬ್ಯಾಂಕಿನವರು ಅದರ ಕಾಗದವನ್ನು ನಂಬುತ್ತಾರೆ.

ಆದರೆ ಸಣ್ಣ ಅಕ್ಷರ ಓದಿ. ಖರೀದಿದಾರ ದಿವಾಳಿಯಾದರೆ, ಅಥವಾ ಕಾರಣವಿಲ್ಲದೆ ದುಡ್ಡು ಹಿಡಿದರೆ ಕ್ಲೇಮ್ ಬರುತ್ತದೆ. "ಮಾಲು ಸರಿ ಇಲ್ಲ" ಅಂತ ತಕರಾರು ತೆಗೆದರೆ, ಅವನ ದೇಶದ ಕೋರ್ಟಿನಲ್ಲಿ ನೀವು ಗೆದ್ದು ಬರುವ ತನಕ ಬರುವುದಿಲ್ಲ. ಎಂಜಿನಿಯರಿಂಗ್ ಮಾಲಿನಲ್ಲಿ ಜಗಳ ಶುರುವಾಗುವುದು ಹೆಚ್ಚಾಗಿ ಅಲ್ಲೇ. ಅದಕ್ಕೆ ವಿಮೆ ಅಂದರೆ ನಿಮ್ಮ ಇನ್ಸ್ಪೆಕ್ಷನ್ ರಿಪೋರ್ಟು, ಅವರು ಸಹಿ ಹಾಕಿದ ಸ್ಯಾಂಪಲ್ಲು. ಜೊತೆಗೆ ಸಾಗಣೆಗಳನ್ನು ಸಮಯಕ್ಕೆ ಡಿಕ್ಲೇರ್ ಮಾಡಬೇಕು, ಬಾಕಿಯಾದರೆ ತಿಳಿಸಬೇಕು. ಇವೆರಡನ್ನು ಮರೆತು ಕ್ಲೇಮ್ ಕಳೆದುಕೊಂಡವರನ್ನು ನೋಡಿದ್ದೇನೆ.

ಪೀಣ್ಯ ಸೆಕೆಂಡ್ ಸ್ಟೇಜ್

ಇಷ್ಟೆಲ್ಲ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಬೆಳಗಾವಿಯವರ ಎಲ್‌ಸಿ ಕಥೆ ಓದಿ ಹೇಳಿದೆ. ಸ್ವಲ್ಪ ಮೆತ್ತಗಾಗಿದ್ದಾರೆ. ಈಗ ಬ್ಯಾಂಕ್ ವಿಷಯ. ಪ್ಯಾಕಿಂಗ್ ಕ್ರೆಡಿಟ್ ಕೇಳಬೇಕೋ, ಸುಮ್ನೆ ಇರುವ ಸಿಸಿ (ಕ್ಯಾಶ್ ಕ್ರೆಡಿಟ್) ಲಿಮಿಟ್ಟನ್ನೇ ಜಾಸ್ತಿ ಮಾಡಿಸಬೇಕೋ?

ನಿವೃತ್ತ ಫಾರೆಕ್ಸ್ ಡೆಸ್ಕ್

ಪ್ಯಾಕಿಂಗ್ ಕ್ರೆಡಿಟ್ಟೇ ಕೇಳಿ. ಆರ್ಡರ್ ಆಧಾರದ ಮೇಲೆ ಮಾಲು ಮಾಡಲು ಕೊಡುವ ಸಾಲ ಅದು. ಮಾಲು ಹೋದ ಮೇಲೆ ಬಿಲ್ ಡಿಸ್ಕೌಂಟ್ ಮಾಡಿ ಆ ದುಡ್ಡಿನಿಂದ ಪ್ಯಾಕಿಂಗ್ ಕ್ರೆಡಿಟ್ ಮುಚ್ಚುತ್ತಾರೆ, ಜರ್ಮನಿಯಿಂದ ದುಡ್ಡು ಬಂದಾಗ ಡಿಸ್ಕೌಂಟ್ ಮುಚ್ಚುತ್ತದೆ. ಎರಡಕ್ಕೂ ಲಿಮಿಟ್ ಬೇಕು. ಪ್ಯಾಕಿಂಗ್ ಕ್ರೆಡಿಟ್ ಮಾತ್ರ ಕೇಳಿ ಬಂದವರು ಮಾಲು ಕಳಿಸಿದ ಮೇಲೆ ಸಿಕ್ಕಿಹಾಕಿಕೊಳ್ಳುತ್ತಾರೆ. ನಿಮ್ಮ 145 ದಿನದಲ್ಲಿ ಸಾಗಣೆಯ ಆಚೆಗಿನದು ನೂರಕ್ಕೂ ಜಾಸ್ತಿ ಅಲ್ವಾ? ಹಾಗಾಗಿ ದೊಡ್ಡ ಲಿಮಿಟ್ ಬೇಕಾಗಿರುವುದು ಸಾಗಣೆ ನಂತರದ್ದಕ್ಕೆ.

ಯುರೋದಲ್ಲೇ ಸಾಲ ತೆಗೆದುಕೊಳ್ಳುವ ದಾರಿಯೂ ಇದೆ, ಪಿಸಿಎಫ್‌ಸಿ ಅನ್ನುತ್ತಾರೆ. ಬಡ್ಡಿ ಯುರಿಬಾರ್ (ಯುರೋಪಿನ ಬ್ಯಾಂಕುಗಳ ನಡುವಿನ ಬಡ್ಡಿ ದರ) ಮೇಲೆ ಇಷ್ಟು ಅಂತ ಇರುತ್ತದೆ, ರೂಪಾಯಿ ಬಡ್ಡಿಗಿಂತ ಕಡಿಮೆ ಕಾಣುತ್ತದೆ. ಸಾಲ ತೆಗೆದ ದಿನವೇ ಯುರೋ ರೂಪಾಯಿ ಆಗುತ್ತದೆ, ತೀರಿಸುವುದು ಬರುವ ಯುರೋದಿಂದ. ಹಾಗಾಗಿ ವಿನಿಮಯ ದರದ ತಲೆನೋವು ಅಷ್ಟರಮಟ್ಟಿಗೆ ಹೋಗುತ್ತದೆ.

ಲೆಕ್ಕದ ಮೇಡಂ

ಸರ್, ಪಿಸಿಎಫ್‌ಸಿ ಅಗ್ಗ ಅಂತ ಎಲ್ಲರೂ ಹೇಳುತ್ತಾರೆ, ನಾನು ಅಷ್ಟು ಒಪ್ಪುವುದಿಲ್ಲ. ರೂಪಾಯಿ ಸಾಲ ತಂದು, ಬರುವ ಯುರೋಗೆ ಫಾರ್ವರ್ಡ್ ಬುಕ್ ಮಾಡಿದರೆ (ಮುಂದಿನ ತಾರೀಖಿನ ದರವನ್ನು ಇವತ್ತೇ ನಿಗದಿ ಮಾಡಿಕೊಂಡರೆ) ಪ್ರೀಮಿಯಂ, ಅಂದರೆ ಇವತ್ತಿನ ದರಕ್ಕಿಂತ ಸ್ವಲ್ಪ ಜಾಸ್ತಿ, ಸಿಗುತ್ತದೆ. ಪಿಸಿಎಫ್‌ಸಿ ತಂದರೆ ಆ ಪ್ರೀಮಿಯಂ ಬಿಟ್ಟುಕೊಟ್ಟ ಹಾಗೆ. ಎರಡನ್ನೂ ಒಂದೇ ಹಾಳೆಯಲ್ಲಿಟ್ಟು ನೋಡಿದರೆ ವ್ಯತ್ಯಾಸ ಬಹಳ ಸಣ್ಣದು.

ನಿವೃತ್ತ ಫಾರೆಕ್ಸ್ ಡೆಸ್ಕ್

ಲೆಕ್ಕದ ಪ್ರಕಾರ ನೀವು ಹೇಳುವುದೇ ಸರಿ ಮೇಡಂ, ಪುಕ್ಕಟೆ ಏನೂ ಇಲ್ಲ. ಆದರೆ ಸಣ್ಣ ಕಾರ್ಖಾನೆಯವರು ಫಾರ್ವರ್ಡ್ ಬುಕ್ ಮಾಡಿ, ಮಾಲು ತಡವಾಗಿ, ಕ್ಯಾನ್ಸಲ್ ಮಾಡಿ, ಅದಕ್ಕೆ ನಷ್ಟ ಕಟ್ಟಿ ಅಳುವುದನ್ನು ತುಂಬಾ ಕಂಡಿದ್ದೇನೆ. ಪಿಸಿಎಫ್‌ಸಿಯಲ್ಲಿ ಆ ಕಾಟ ಕಡಿಮೆ. ಅವರ ಮನೆಯಲ್ಲಿ ನಿಮ್ಮಂಥ ಅಕೌಂಟ್ಸ್‌ನವರು ಇರುವುದಿಲ್ಲವಲ್ಲ!

ಲೆಕ್ಕದ ಮೇಡಂ

ಹೊಗಳಿ ಬಾಯಿ ಮುಚ್ಚಿಸಿದಿರಿ. ಸರಿ. ಒಂದು ಎಚ್ಚರಿಕೆ ಮಾತ್ರ ಸೇರಿಸುತ್ತೇನೆ. ಪ್ಯಾಕಿಂಗ್ ಕ್ರೆಡಿಟ್ ದುಡ್ಡಿನಿಂದ ಮಷಿನ್ ಇಎಂಐ ಕಟ್ಟಬೇಡಿ. ಖಾತೆಯಲ್ಲಿ ದುಡ್ಡು ಕಂಡಾಗ ಕೈ ಹೋಗುತ್ತದೆ. ರಫ್ತು ಆಗದೆ ಉಳಿದರೆ ಅಷ್ಟೂ ಸಾಲಕ್ಕೆ ಮೊದಲ ದಿನದಿಂದ ಮಾಮೂಲಿ ಬಡ್ಡಿ ಹಾಕಿ, ಮೇಲೆ ದಂಡವನ್ನೂ ಸೇರಿಸುತ್ತಾರೆ.

ಇನ್ನು ಯಾರಾದರೂ ಏಜೆಂಟ್ "ರಫ್ತು ಸಾಲಕ್ಕೆ ಶೇ 3 ಬಡ್ಡಿ ಸರ್ಕಾರ ಕೊಡುತ್ತದೆ" ಅಂದರೆ ಯಾವ ಯೋಜನೆ ಅಂತ ಕೇಳಿ. 2015ರಲ್ಲಿ ಶುರುವಾದ ಹಳೆಯ ಬಡ್ಡಿ ಸಮೀಕರಣ ಯೋಜನೆ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. 2025ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ 25,060 ಕೋಟಿಯ ರಫ್ತು ಉತ್ತೇಜನ ಮಿಷನ್ ಒಪ್ಪಿದೆ. ಅದರಲ್ಲಿ ನಿಮ್ಮ ಎಚ್‌ಎಸ್ ಕೋಡಿಗೆ (ಕಸ್ಟಮ್ಸ್‌ನ ಸರಕು ವರ್ಗದ ಸಂಖ್ಯೆ) ಏನಿದೆ ಅಂತ ಬ್ಯಾಂಕಿನಿಂದ ಬರವಣಿಗೆಯಲ್ಲಿ ಪಡೆಯಿರಿ. ಖಾತೆಗೆ ಬೀಳುವ ತನಕ ಕೊಟೇಶನ್‌ನಲ್ಲಿ ಸೇರಿಸಲೇಬೇಡಿ. ಸಬ್ಸಿಡಿ ನಂಬಿ ಹಾಕಿದ ರೇಟನ್ನು ಆಮೇಲೆ ಏರಿಸಲು ಆಗುವುದಿಲ್ಲ.

ಉದ್ಯಮಬಾಗ್ ಎರಕ

ಮನೆ ಪತ್ರದ ಬಗ್ಗೆ ಯಾರೂ ಮಾತಾಡಲಿಲ್ಲ. ಸಿಜಿಟಿಎಂಎಸ್‌ಇ ಗ್ಯಾರಂಟಿ (ಅಡಮಾನವಿಲ್ಲದ ಸಣ್ಣ ಉದ್ಯಮದ ಸಾಲಕ್ಕೆ ಸರ್ಕಾರಿ ಟ್ರಸ್ಟ್ ಕೊಡುವ ಖಾತರಿ) ಮೇಲೆ ಕೊಡಿ ಅಂತ ಬ್ಯಾಂಕಿಗೆ ಅರ್ಜಿ ಬರೆದು ಕೊಡಿ. 2025ರ ಏಪ್ರಿಲ್‌ನಿಂದ ಅದರ ಮಿತಿ 10 ಕೋಟಿಗೆ ಏರಿದೆ. ನಿಮ್ಮದು ಒಂದು ಕೋಟಿಯೊಳಗಿನ ಮಾತು. ವರ್ಷಕ್ಕೆ ಗ್ಯಾರಂಟಿ ಶುಲ್ಕ ಬೀಳುತ್ತದೆ, ಬೀಳಲಿ. ಮ್ಯಾನೇಜರ್‌ಗೆ ಮನೆ ಪತ್ರ ಸುಲಭ, ಅದಕ್ಕೇ ಮೊದಲು ಅದನ್ನೇ ಕೇಳುತ್ತಾರೆ.

ನಮ್ಮ ಕಡೆಯವರು ಯಾರಾದರೂ ಓದುತ್ತಿದ್ದರೆ ಅವರಿಗೂ ಒಂದು ವಿಷಯ. ಬೆಳಗಾವಿ ಭಾಗದಲ್ಲಿ ಬಹಳ ಮಂದಿಯ ಖಾತೆ ಸಹಕಾರಿ ಬ್ಯಾಂಕಿನಲ್ಲಿ. ಮೂರು ತಲೆಮಾರಿನ ಪರಿಚಯ, ಫೋನ್ ಮಾಡಿದರೆ ಚೆಕ್ ಪಾಸ್. ಆದರೆ ವಿದೇಶಿ ವಿನಿಮಯದ ಲೈಸೆನ್ಸ್ ಇಲ್ಲದ ಬ್ಯಾಂಕಿನಲ್ಲಿ ಪ್ಯಾಕಿಂಗ್ ಕ್ರೆಡಿಟ್ ಇಲ್ಲ, ಕಸ್ಟಮ್ಸ್‌ಗೆ ಕೊಡಬೇಕಾದ ಬ್ಯಾಂಕಿನ ಎಡಿ ಕೋಡ್ ಇಲ್ಲ. ಆಸ್ತಿ ಎಲ್ಲ ಅಲ್ಲಿ ಅಡವಿಟ್ಟು, ರಫ್ತಿಗೆ ಬೇರೆ ಬ್ಯಾಂಕಿಗೆ ಹೋದರೆ ಅವರಿಗೆ ಕೊಡಲು ಏನೂ ಉಳಿದಿರುವುದಿಲ್ಲ. ಆರ್ಡರ್ ಬಂದ ಮೇಲೆ ಬ್ಯಾಂಕು ಬದಲಾಯಿಸಲು ಹೊರಟರೆ ತಿಂಗಳುಗಟ್ಟಲೆ ಬೇಕು. ಸ್ಯಾಂಪಲ್ ಹಂತದಲ್ಲೇ ಶುರು ಮಾಡಿ.

ಗೋಕುಲ್ ರೋಡ್ ವಾಲ್ವ್

ಎಲ್ಲರೂ ಸೇರಿ ಹುಡುಗನನ್ನು ಹಡಗು ಹತ್ತಿಸಿಯೇ ಬಿಟ್ಟಿರಿ. ನಾನು ಯಾಕೆ ಹಿಂದೆ ಸರಿಯಿರಿ ಅಂದೆ ಅಂತ ಹೇಳುತ್ತೇನೆ. ನಮ್ಮದು ಅಮೆರಿಕದ ವ್ಯಾಪಾರ. ಖರೀದಿದಾರ "ಡಿಡಿಪಿ ಕೊಡಿ, ನಮ್ಮ ಬಾಗಿಲಿಗೆ ತನ್ನಿ" ಅಂದ. ಸುಂಕ ಕಡಿಮೆ ಇದ್ದ ಕಾಲ, ನಾವೂ ಒಪ್ಪಿದೆವು. 2025ರ ಆಗಸ್ಟ್ 27ರಿಂದ ಭಾರತದ ಬಹುಪಾಲು ಸರಕಿನ ಮೇಲೆ 50 ಶೇಕಡಾ ಸುಂಕ ಬಂತು, ಅದಕ್ಕೂ ಮುಂಚೆ ಜೂನ್‌ನಲ್ಲೇ ಉಕ್ಕಿನ ಸಾಮಾನಿಗೆ 50 ಆಗಿತ್ತು. ಡಿಡಿಪಿಯಲ್ಲಿ ಸುಂಕ ಮಾರುವವನದು. ಸಮುದ್ರದ ಮೇಲಿದ್ದ ಕಂಟೇನರ್‌ನಲ್ಲಿ ಲಾಭ ಹೋಗಿ, ಅಸಲಿಗೂ ಕೈ ಬಿತ್ತು. ಎಫ್‌ಓಬಿಯಲ್ಲಿದ್ದ (ಮಾಲು ಹಡಗು ಹತ್ತುವ ತನಕ ಮಾತ್ರ ಮಾರುವವನ ಹೊಣೆ) ಪಕ್ಕದ ಕಾರ್ಖಾನೆಯವರು ಖರೀದಿದಾರನ ಜೊತೆ ಅರ್ಧ ಅರ್ಧ ಮಾತಾಡಿಕೊಂಡರು. ನಮಗೆ ಮಾತಾಡಲು ಜಾಗವೇ ಇರಲಿಲ್ಲ.

ವೈಟ್‌ಫೀಲ್ಡ್ ಕ್ಲಿಯರಿಂಗ್

ಇನ್ಕೋಟರ್ಮ್ಸ್ (ಖರ್ಚು, ಹೊಣೆ ಎಲ್ಲಿಯ ತನಕ ಯಾರದು ಅನ್ನುವ ಷರತ್ತುಗಳು) ಮಾತು ಬಂದ ಮೇಲೆ ನಾನೂ ಬರಬೇಕಾಯಿತು. ಕಸ್ಟಮ್ಸ್ ಕ್ಲಿಯರಿಂಗ್ ನನ್ನ ಕೆಲಸ.

ಡಿಡಿಪಿ ಬೇಡವೇ ಬೇಡ. ಎಫ್‌ಓಬಿ ಕೂಡ ಕಂಟೇನರ್ ಮಾಲಿಗೆ ಅಷ್ಟು ಒಳ್ಳೆಯದಲ್ಲ, ನಮ್ಮವರು ಅಭ್ಯಾಸಬಲದಿಂದ ಬರೆಯುತ್ತಾರೆ. ಪೀಣ್ಯದ ಮಾಲು ವೈಟ್‌ಫೀಲ್ಡ್ ಐಸಿಡಿಯಲ್ಲಿ (ಒಳನಾಡಿನ ಕಂಟೇನರ್ ಡಿಪೋ) ಕಸ್ಟಮ್ಸ್ ಮುಗಿಸಿ ಚೆನ್ನೈ ಬಂದರಿಗೆ ಹೋಗುತ್ತದೆ ಅಂದುಕೊಳ್ಳಿ. ನೀವು ಐಸಿಡಿಯಲ್ಲೇ ಒಪ್ಪಿಸಿ ಮನೆಗೆ ಬಂದಿರುತ್ತೀರಿ. ಎಫ್‌ಓಬಿ ಅಂದರೆ ಚೆನ್ನೈಯಲ್ಲಿ ಹಡಗಿಗೆ ಏರುವ ತನಕ ಜವಾಬ್ದಾರಿ ನಿಮ್ಮದೇ. ಮಧ್ಯದಲ್ಲಿ ಏನಾದರೂ ಆದರೆ ನಿಮ್ಮ ತಲೆಗೆ. "ಎಫ್‌ಸಿಎ ಐಸಿಡಿ ವೈಟ್‌ಫೀಲ್ಡ್, ಇನ್ಕೋಟರ್ಮ್ಸ್ 2020" ಅಂತ ಬರೆಸಿ, ಐಸಿಡಿಯಲ್ಲಿ ಒಪ್ಪಿಸಿದರೆ ನಿಮ್ಮ ಜವಾಬ್ದಾರಿ ಮುಗಿಯಿತು. ಜರ್ಮನಿಯವರಿಗೆ ಇದು ಹೊಸದೇನಲ್ಲ.

ಪ್ಯಾಕಿಂಗ್ ಬಗ್ಗೆ ಇನ್ನೂ ಯಾರೂ ಕೇಳಿಲ್ಲ, ದುಡ್ಡು ನಿಲ್ಲುವುದು ಅಲ್ಲೂ. ಮರದ ಪ್ಯಾಲೆಟ್‌ಗೆ ಐಎಸ್‌ಪಿಎಂ 15 ಮುದ್ರೆ ಇರಬೇಕು. ಮರದ ಒಳಗಿನ ತನಕ 56 ಡಿಗ್ರಿ ಶಾಖ 30 ನಿಮಿಷ ಕೊಟ್ಟ ಗುರುತು ಅದು. ಮುದ್ರೆ ಇಲ್ಲದೆ ಹೋದರೆ ಅಲ್ಲಿ ಬಂದರಿನಲ್ಲಿ ತಡೆದು, ಖರ್ಚು ನಿಮಗೆ. ಮಷಿನಿಂಗ್ ಮಾಡಿದ ಮೈಗೆ ತುಕ್ಕು ತಡೆಯುವ ಎಣ್ಣೆ, ವಿಸಿಐ ಕವರ್. ಒಂದೂವರೆ ತಿಂಗಳು ಉಪ್ಪುಗಾಳಿಯಲ್ಲಿ ಇರುತ್ತದೆ ಮಾಲು. ತುಕ್ಕು ಕಂಡರೆ "ಮಾಲು ಸರಿ ಇಲ್ಲ" ಅನ್ನುವ ತಕರಾರು ಶುರು. ಆಗ ಇಸಿಜಿಸಿಯೂ ಇಲ್ಲ, ಫಾರೆಕ್ಸ್ ಸರ್ ಹೇಳಿದ ಹಾಗೆ.

ಸ್ಟಟ್‌ಗಾರ್ಟ್ ಕನ್ನಡಿಗ

ತುಕ್ಕಿನ ಬಗ್ಗೆ ಕ್ಲಿಯರಿಂಗ್ ಸರ್ ಹೇಳಿದ್ದಕ್ಕೆ ನನ್ನದೂ ಒಂದು ಓಟು. ಭಾರತದ ಮಾಲಿನ ಬಗ್ಗೆ ನನ್ನ ಮೇಜಿಗೆ ಬರುವ ದೂರುಗಳಲ್ಲಿ ಅಳತೆ ತಪ್ಪಿದ್ದಕ್ಕಿಂತ ತುಕ್ಕು, ಬರ್ (ಅಂಚಿನಲ್ಲಿ ಉಳಿದ ಚೂಪು), ಲೇಬಲ್ ತಪ್ಪು ಇವೇ ಜಾಸ್ತಿ.

ಮುಂದೆ ಎರಡು ವಿಷಯ ಬರುತ್ತವೆ, ಈಗಲೇ ತಿಳಿದಿರಲಿ. ವರ್ಷ ಕಳೆದ ಮೇಲೆ "ಎರಡು ತಿಂಗಳ ಸ್ಟಾಕ್ ನಮ್ಮ ಊರಿನ ಗೋದಾಮಿನಲ್ಲಿಡಿ, ಬಳಸಿದಾಗ ಬಿಲ್ ಮಾಡಿ" ಅನ್ನುತ್ತಾರೆ. ಕನ್ಸೈನ್‌ಮೆಂಟ್ ಸ್ಟಾಕ್. ಕೇಳಲು ಸಣ್ಣ ಬೇಡಿಕೆ, ಆದರೆ ಮೇಡಂ ಹಾಳೆಗೆ ಇನ್ನೂ 60 ದಿನ ಸೇರಿತು. ಒಪ್ಪುವುದಾದರೆ ರೇಟಿನಲ್ಲಿ ಹಾಕಿಯೇ ಒಪ್ಪಿ.

ಇನ್ನೊಂದು ಸಿಬಿಎಎಂ, ಯುರೋಪಿನ ಇಂಗಾಲದ ತೆರಿಗೆ. 2026ರ ಜನವರಿ 1ರಿಂದ ದುಡ್ಡಿನ ಹಂತ ಶುರುವಾಗಿದೆ. ಎಚ್‌ಎಸ್ ಕೋಡಿನ ಪ್ರಕಾರ ಬೋಲ್ಟು ನಟ್ಟಿನ 7318, ಪೈಪ್ ಫಿಟ್ಟಿಂಗಿನ 7307 ಅದರಲ್ಲಿವೆ. ನಿಮ್ಮ ವಾಲ್ವ್ ಭಾಗ 8481ರಲ್ಲಿ ಹೋದರೆ ಮೂಲ ಪಟ್ಟಿಯಲ್ಲಿಲ್ಲ. ಆದರೆ ಪಟ್ಟಿ ಹಿಗ್ಗಿಸುವ ಪ್ರಸ್ತಾಪ 2025ರ ಡಿಸೆಂಬರ್‌ನಲ್ಲೇ ಬಂದಿದೆ. ಎರಕ ಮಾಡುವವರ ಹತ್ತಿರ ಕರೆಂಟು, ಕೋಕ್ ಲೆಕ್ಕ ಈಗಿನಿಂದಲೇ ಕೇಳಿ ಇಟ್ಟುಕೊಳ್ಳಿ.

ಉದ್ಯಮಬಾಗ್ ಎರಕ

ಕೊಡುತ್ತೇವೆ ಕೊಡುತ್ತೇವೆ. ಮೊದಲು 45 ದಿನಕ್ಕೆ ಪೇಮೆಂಟ್ ಕೊಡ್ರಿ!

ಸುಮ್ನೆ ಕೇಳ್ದೆ

ಒಂದು ಅನುಭವ ನನ್ನದೂ ಇರಲಿ. ನಮ್ಮ ಇಮೇಲ್ ಯಾರೋ ಓದುತ್ತಿದ್ದರು. ಬಿಲ್ಲಿನ ಗಡುವಿಗೆ ಮುಂಚೆ ಖರೀದಿದಾರನಿಗೆ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಅಂತ ನಮ್ಮ ಹೆಸರಿನಲ್ಲೇ ಮೇಲ್ ಹೋಯಿತು. ಲೆಟರ್‌ಹೆಡ್, ಸಹಿ ಎಲ್ಲ ನಮ್ಮದೇ ಥರ. ಇಮೇಲ್ ವಿಳಾಸದಲ್ಲಿ ಒಂದಕ್ಷರ ಮಾತ್ರ ಬೇರೆ. ದುಡ್ಡು ಯಾವುದೋ ದೇಶದ ಖಾತೆಗೆ ಹೋಯಿತು. ಖರೀದಿದಾರ "ನಾನು ಕಟ್ಟಿದ್ದೇನೆ" ಅನ್ನುತ್ತಾನೆ, ನಮ್ಮ ಖಾತೆ ಖಾಲಿ. ಇದಕ್ಕೆ ಇಸಿಜಿಸಿ ಬರುತ್ತದಾ ಸರ್?

ನಿವೃತ್ತ ಫಾರೆಕ್ಸ್ ಡೆಸ್ಕ್

ಇದು ಖರೀದಿದಾರ ಮುಳುಗಿದ ಕೇಸಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ. ಗೊತ್ತಾದ ಗಂಟೆಯಲ್ಲೇ ಎರಡೂ ಕಡೆಯ ಬ್ಯಾಂಕಿಗೆ ಹೇಳಿ ಹಣ ತಡೆಯಲು ಕೇಳಬೇಕು, ಸೈಬರ್ ಪೊಲೀಸರಿಗೆ ದೂರು ಕೊಡಬೇಕು. ತಡವಾದರೆ ಕಷ್ಟ. ಇದನ್ನು ಮುಂಚೆಯೇ ತಡೆಯುವುದು ಅಗ್ಗ. "ನಮ್ಮ ಬ್ಯಾಂಕ್ ಖಾತೆ ಇಮೇಲ್ ಮೂಲಕ ಎಂದೂ ಬದಲಾಗುವುದಿಲ್ಲ, ನಿಮಗೆ ಗೊತ್ತಿರುವ ನಂಬರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ" ಅಂತ ಮೊದಲ ಕರಾರಿನಲ್ಲೂ ಪ್ರತಿ ಇನ್‌ವಾಯ್ಸ್‌ನಲ್ಲೂ ಬರೆಯಿರಿ.

ದುಡ್ಡು ಬಂದ ಮೇಲಿನ ಕೆಲಸವೂ ಇದೆ. ಪ್ರತಿ ಶಿಪ್ಪಿಂಗ್ ಬಿಲ್ (ರಫ್ತಿಗಾಗಿ ಕಸ್ಟಮ್ಸ್‌ಗೆ ಕೊಡುವ ಪತ್ರ) ರಿಸರ್ವ್ ಬ್ಯಾಂಕಿನ ಇಡಿಪಿಎಂಎಸ್ ಅನ್ನುವ ರಫ್ತು ಹಣದ ದಾಖಲೆಯಲ್ಲಿ ತೆರೆದಿರುತ್ತದೆ. ಬಂದ ಹಣವನ್ನು ಅದಕ್ಕೆ ಹೊಂದಿಸಿ ಮುಚ್ಚಿಸಬೇಕು. ಹಣ ತರಲು ಮೊದಲು 9 ತಿಂಗಳಿತ್ತು, 2025ರ ನವೆಂಬರ್‌ನಲ್ಲಿ 15 ಮಾಡಿದ್ದಾರೆ. 10 ಲಕ್ಷದ ತನಕದ ಬಿಲ್ಲುಗಳನ್ನು ರಫ್ತುದಾರನ ಘೋಷಣೆಯ ಮೇಲೆ ಮುಚ್ಚಲು ರಿಸರ್ವ್ ಬ್ಯಾಂಕ್ ದಾರಿ ಮಾಡಿದೆ. ಮಧ್ಯದ ಬ್ಯಾಂಕು ಇಪ್ಪತ್ತೋ ಮೂವತ್ತೋ ಯುರೋ ಕಡಿದುಕೊಂಡಿರುತ್ತದೆ, ಆ ಚಿಲ್ಲರೆಗಾಗಿ ಬಿಲ್ ತೆರೆದೇ ಉಳಿಯದಂತೆ ನೋಡಿಕೊಳ್ಳಿ.

ಪೀಣ್ಯ ಸೆಕೆಂಡ್ ಸ್ಟೇಜ್

ಎಲ್ಲಿಗೆ ಬಂತು ಅಂತ ತಿಳಿಸುತ್ತೇನೆ. ಜರ್ಮನಿಯವರ ಜೊತೆ ಕಾಲ್ ಆಯಿತು. ರೇಟಿಗೆ ಕೈ ಹಾಕಲಿಲ್ಲ. ಬಿಲ್ ಆಫ್ ಲೇಡಿಂಗ್‌ನಿಂದ 60 ಕೇಳಿದೆ. ಅವರ ಸಿಸ್ಟಂನಲ್ಲಿ ಆ ತಾರೀಖು ಹಾಕಲು ಆಗುವುದಿಲ್ಲವಂತೆ. ಇನ್‌ವಾಯ್ಸ್ ತಾರೀಖಿನಿಂದ 75 ಆಗಬಹುದು ಅಂದರು. ಎಫ್‌ಸಿಎಗೆ ತಕ್ಷಣ ಒಪ್ಪಿದರು. ಇಸಿಜಿಸಿಗೆ ಖರೀದಿದಾರನ ಮಾಹಿತಿ ಕೊಟ್ಟಿದ್ದೇನೆ. ಬ್ಯಾಂಕಿಗೆ ಸಿಜಿಟಿಎಂಎಸ್‌ಇ ಅರ್ಜಿ ಹೋಗಿದೆ, ಮ್ಯಾನೇಜರ್ ಮುಖ ಸಪ್ಪೆ ಮಾಡಿಕೊಂಡು ತೆಗೆದುಕೊಂಡರು. 75 ಒಪ್ಪಲೋ ಬೇಡವೋ?

ಲೆಕ್ಕದ ಮೇಡಂ

ಒಪ್ಪಿ. ಇನ್‌ವಾಯ್ಸ್ ಅನ್ನು ಮಾಲು ರೆಡಿಯಾದ ದಿನ ಹಾಕುತ್ತೀರಿ, ಅಂದರೆ 30 ಮತ್ತು 75, ಒಟ್ಟು 105 ದಿನ. 145ರಿಂದ 40 ಇಳಿಯಿತು. ಹಡಗು ಏರುವ ಮೊದಲಿನ ಹತ್ತು ದಿನವೂ ಈ 75ರೊಳಗೇ ಬಂತು. ತಿಂಗಳಿಗೆ 10 ಲಕ್ಷದ ಖರೀದಿ ಇದ್ದರೆ ಜಿಎಸ್‌ಟಿ 1.8 ಲಕ್ಷ ರೀಫಂಡ್ ಬರುವ ತನಕ ನಿಲ್ಲುತ್ತದೆ, ಅದನ್ನೂ ಲಿಮಿಟ್ ಕೇಳುವಾಗ ಸೇರಿಸಿ. ಎಲ್‌ಯುಟಿ ಪ್ರತಿ ಏಪ್ರಿಲ್‌ಗೆ ಹೊಸದು ಹಾಕಬೇಕು.

ಗೋಕುಲ್ ರೋಡ್ ವಾಲ್ವ್

105 ದಿನ ಅಂದರೆ ನಾನೂ ಬೇಡ ಅನ್ನುವುದಿಲ್ಲ. ಆದರೆ ಇಲ್ಲಿನ ಗಿರಾಕಿಗಳನ್ನು ಬಿಡಬೇಡ ತಮ್ಮಾ. ಮೊದಲ ಯುರೋ ಬರುವ ತನಕ ಸಂಬಳ ಕೊಡುವುದು ಅವರ ದುಡ್ಡೇ.

ವೈಟ್‌ಫೀಲ್ಡ್ ಕ್ಲಿಯರಿಂಗ್

ಇನ್‌ವಾಯ್ಸ್ ತಾರೀಖಿನಿಂದ ಎಣಿಕೆ ಅಂದ ಮೇಲೆ ಇನ್‌ವಾಯ್ಸ್ ಹಾಕಿ ಮಾಲನ್ನು ಶಾಪಿನಲ್ಲೇ ಹದಿನೈದು ದಿನ ಇಟ್ಟುಕೊಳ್ಳಬೇಡಿ. ಅವರು ಬಿಲ್ ಆಫ್ ಲೇಡಿಂಗ್ ತಾರೀಖು ನೋಡುತ್ತಾರೆ, ಎರಡನೇ ಸಲ ನಂಬುವುದಿಲ್ಲ. ಬ್ಯಾಂಕಿನಿಂದ ಎಡಿ ಕೋಡ್ ಪತ್ರ ತೆಗೆದು ಕಸ್ಟಮ್ಸ್‌ನ ಐಸ್‌ಗೇಟ್ ಜಾಲತಾಣದಲ್ಲಿ ನೋಂದಾಯಿಸಿದ್ದೀರಾ? ಅದಿಲ್ಲದೆ ಶಿಪ್ಪಿಂಗ್ ಬಿಲ್ ಹಾಕಲು ಬರುವುದಿಲ್ಲ. ಇಲ್ಲದಿದ್ದರೆ ನಾಳೆಯೇ ಬ್ಯಾಂಕಿಗೆ ಹೋಗಿ.

ಪೀಣ್ಯ ಸೆಕೆಂಡ್ ಸ್ಟೇಜ್

ಇಲ್ಲ ಸರ್, ಅದು ಬಾಕಿ ಇದೆ. ಬೆಳಗ್ಗೆ ಬ್ಯಾಂಕು ತೆರೆಯುತ್ತಿದ್ದ ಹಾಗೆ ಹೋಗುತ್ತೇನೆ. ಪೀಣ್ಯ ಸುತ್ತಮುತ್ತ ಐಎಸ್‌ಪಿಎಂ 15 ಪ್ಯಾಲೆಟ್ ಸಣ್ಣ ಸಂಖ್ಯೆಯಲ್ಲಿ ಕೊಡುವವರು ಗೊತ್ತಿದ್ದರೆ ಮೆಸೇಜ್ ಮಾಡಿ.